ಕುದುರೆ ಒಂದು ಕಣ್ಣು ಮುಚ್ಚಿಕೊಂಡರೆ: ಮೊದಲು ಪರೀಕ್ಷೆ, ಆಮೇಲೆ ಮುಲಾಮು

ಪ್ರಶ್ನೆ: ನಮ್ಮ ಒಂಬತ್ತು ವರ್ಷದ ಹೆಣ್ಣು ಕುದುರೆ ನಿನ್ನೆ ಸಂಜೆಯಿಂದ ಬಲಗಣ್ಣನ್ನು ಅರ್ಧ ಮುಚ್ಚಿಕೊಂಡಿದೆ. ನೀರು ಸುರಿಯುತ್ತಿದೆ, ಕಣ್ಣಿನ ಮೇಲೆ ತೆಳುವಾದ ನೀಲಿ ಮಬ್ಬು ಕಾಣುತ್ತಿದೆ. ಮೇವು ಮಾತ್ರ ಎಂದಿನಂತೆ ತಿನ್ನುತ್ತಿದೆ. ಕಳೆದ ವರ್ಷವೂ ಇದೇ ಕಣ್ಣಿಗೆ ಹೀಗೇ ಆಗಿತ್ತು. ಆಗ ವೈದ್ಯರು ಕೊಟ್ಟ, ಡೆಕ್ಸಾಮೆಥಾಸೋನ್ ಇರುವ ಮುಲಾಮಿನಿಂದ ವಾಸಿಯಾಯಿತು. ಅದರ ಅರ್ಧ ಟ್ಯೂಬ್ ಉಳಿದಿದೆ. ಅದನ್ನೇ ಹಾಕಿ ಎರಡು ದಿನ ನೋಡಬಹುದೇ? ಕಣ್ಣಿನ ತೊಂದರೆಯನ್ನು ನಾವೇ ಗುರುತಿಸುವುದು ಹೇಗೆ? ಒಂದು ವೇಳೆ ಕಣ್ಣು ಹೋದರೆ ಕುದುರೆಯ ಗತಿಯೇನು?

ಉತ್ತರ: ಆ ಟ್ಯೂಬನ್ನು ಹಾಕಬೇಡಿ, ಎರಡು ದಿನ ಕಾಯಲೂ ಬೇಡಿ. ಇದನ್ನು ಓದಿದ ಕೂಡಲೇ ಪಶುವೈದ್ಯರಿಗೆ ಕರೆ ಮಾಡಿ, ಕಣ್ಣು ಮುಚ್ಚಿಕೊಂಡಿದೆ, ನೀಲಿ ಮಬ್ಬಿದೆ, ಹೋದ ವರ್ಷವೂ ಆಗಿತ್ತು ಎಂದು ಹೇಳಿ. ಉಳಿದದ್ದನ್ನು ಅವರು ಬರುವಷ್ಟರಲ್ಲಿ ಓದಬಹುದು.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ನೀವು ವಿವರಿಸಿದ ಕಣ್ಣು ಎರಡು ಬೇರೆ ಬೇರೆ ರೋಗಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ. ಒಂದು, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲಿನ ಹುಣ್ಣು. ಇನ್ನೊಂದು, ಕಣ್ಣಿನ ಒಳಗಿನ ಉರಿಯೂತವಾದ ಯುವಿಯೈಟಿಸ್. ಎರಡರಲ್ಲೂ ನೋವಿದೆ, ನೀರು ಸುರಿಯುತ್ತದೆ, ಬೆಳಕು ಕಂಡರೆ ಆಗುವುದಿಲ್ಲ, ಕಾರ್ನಿಯಾ ನೀರು ಹೀರಿ ನೀಲಿಯಾಗುತ್ತದೆ. ಆದರೆ ಚಿಕಿತ್ಸೆ ಒಂದಕ್ಕೊಂದು ತದ್ವಿರುದ್ಧ. ಯುವಿಯೈಟಿಸ್‌ಗೆ ಸ್ಟೀರಾಯ್ಡ್ ಬೇಕೇ ಬೇಕು. ಹುಣ್ಣಿಗೆ ಅದೇ ಸ್ಟೀರಾಯ್ಡ್ ಬಿದ್ದರೆ ಗಾಯ ಮಾಯುವುದು ನಿಲ್ಲುತ್ತದೆ, ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳಿಗೆ ತಡೆಯೇ ಇಲ್ಲದಂತಾಗುತ್ತದೆ, ಕಾರ್ನಿಯಾ ಕರಗಿ ತೂತು ಬೀಳಬಹುದು. ನಿಮ್ಮ ಕೈಯಲ್ಲಿರುವ ಡೆಕ್ಸಾಮೆಥಾಸೋನ್ ಒಂದು ಸ್ಟೀರಾಯ್ಡ್. ಕಳೆದ ವರ್ಷ ಅದು ಸರಿಯಾದ ಔಷಧವೇ ಆಗಿದ್ದಿರಬಹುದು. ಈ ವರ್ಷ ಅದೇ ಕಣ್ಣಿಗೆ ಒಣಹುಲ್ಲಿನ ಮೊನೆ ತಾಗಿ ಗೀರು ಬಿದ್ದಿರಲಾರದು ಎಂದು ಹೊರಗಿನಿಂದ ನೋಡಿ ಯಾರೂ ಹೇಳಲಾರರು, ಎಷ್ಟು ಅನುಭವಿ ವೈದ್ಯರಾದರೂ ಅಷ್ಟೇ.

ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಸರಳವಾದದ್ದು. ಫ್ಲೂರೆಸೀನ್ ಎಂಬ ಕಿತ್ತಳೆ ಬಣ್ಣದ ಔಷಧ ಹಚ್ಚಿದ ಕಾಗದದ ಪಟ್ಟಿಯನ್ನು ಸಲೈನ್‌ನಲ್ಲಿ ಒದ್ದೆ ಮಾಡಿ ಕಣ್ಣಿಗೆ ತಾಗಿಸುತ್ತಾರೆ, ಹೆಚ್ಚಾದದ್ದನ್ನು ತೊಳೆದು ನೀಲಿ ಬೆಳಕು ಬಿಟ್ಟು ನೋಡುತ್ತಾರೆ. ಕಾರ್ನಿಯಾದ ಮೇಲ್ಪದರ ಎಲ್ಲಿ ಕಿತ್ತುಹೋಗಿದೆಯೋ ಅಲ್ಲಿ ಮಾತ್ರ ಬಣ್ಣ ಹಿಡಿದು ಹೊಳೆಯುವ ಹಸಿರಾಗಿ ಕಾಣುತ್ತದೆ. ಮೇಲ್ಪದರ ಅಖಂಡವಾಗಿದ್ದರೆ ಬಣ್ಣ ಜಾರಿಹೋಗುತ್ತದೆ. ಕೆಲವೇ ನಿಮಿಷಗಳ ಕೆಲಸ. ಈ ಕೆಲವು ನಿಮಿಷ ಉಳಿಸಲು ಹೋಗಿ ಕಣ್ಣನ್ನೇ ಕಳೆದುಕೊಂಡ ಕುದುರೆಗಳು ಇವೆ. ಉಳಿಸಬಹುದಾಗಿದ್ದ ಕಣ್ಣುಗಳವು ಎಂಬುದು ನನಗೆ ಇಂದಿಗೂ ಸಂಕಟದ ವಿಷಯ. ಹೋದ ವರ್ಷ ವೈದ್ಯರು ಈ ಪರೀಕ್ಷೆ ಮಾಡಿದ್ದರೇ ಎಂದು ನೆನಪಿಸಿಕೊಂಡು ಈಗ ಬರುವವರಿಗೆ ಹೇಳಿ, ಅದು ಉಪಯೋಗಕ್ಕೆ ಬರುತ್ತದೆ.

ಮೇವು ತಿನ್ನುತ್ತಿದೆ ಎಂಬುದರಿಂದ ಸಮಾಧಾನ ಪಟ್ಟುಕೊಳ್ಳಬೇಡಿ. ಬೇಟೆಗೆ ಗುರಿಯಾಗುವ ಪ್ರಾಣಿಗಳು ನೋವನ್ನು ಮುಚ್ಚಿಡುತ್ತವೆ, ಕುದುರೆಯೂ ಹಾಗೆಯೇ. ಕಣ್ಣಿನ ನೋವನ್ನು ಹೇಳುವುದು ಹೊಟ್ಟೆಯಲ್ಲ, ರೆಪ್ಪೆಗೂದಲು. ಕುದುರೆಯ ಮುಖದ ಎದುರು ನಿಂತು ಎರಡೂ ಕಣ್ಣುಗಳ ಮೇಲಿನ ರೆಪ್ಪೆಗೂದಲನ್ನು ಹೋಲಿಸಿ ನೋಡಿ. ಆರೋಗ್ಯವಾಗಿರುವ ಕಣ್ಣಿನಲ್ಲಿ ಅವು ಹೆಚ್ಚುಕಡಿಮೆ ನೇರವಾಗಿ ಮುಂದಕ್ಕೆ ಚಾಚಿರುತ್ತವೆ. ನೋವಿರುವ ಕಣ್ಣಿನಲ್ಲಿ ನೆಲದ ಕಡೆಗೆ ಇಳಿಬಿದ್ದಿರುತ್ತವೆ. ಬರಿಗಣ್ಣಿಗೆ ಕಾಣುವ ಲಕ್ಷಣಗಳಲ್ಲಿ ಇಷ್ಟು ಬೇಗ ಸುಳಿವು ಕೊಡುವುದು ಬೇರೆ ಕಡಿಮೆ. ನೀರು ಸುರಿಯುವುದು, ರೆಪ್ಪೆ ಊದುವುದು ಇದರ ಜೊತೆಗೋ ಇದರ ನಂತರವೋ ಬರುತ್ತವೆ. ದಿನಾ ಬೆಳಿಗ್ಗೆ ಮೇವು ಹಾಕುವಾಗ ಒಂದು ಕ್ಷಣ ಎದುರು ನಿಂತು ರೆಪ್ಪೆಗೂದಲು ನೋಡುವ ಅಭ್ಯಾಸ ಮಾಡಿಕೊಂಡರೆ ಎಷ್ಟೋ ಕಣ್ಣುಗಳು ಉಳಿಯುತ್ತವೆ.

ಇದರ ಜೊತೆಗೆ ನೀವೇ ನೋಡಬಹುದಾದ ಇನ್ನೂ ಕೆಲವು ಸಂಗತಿಗಳಿವೆ. ಲಾಯವನ್ನು ಸ್ವಲ್ಪ ಕತ್ತಲು ಮಾಡಿ, ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಡಿ. ಕುದುರೆಯ ಪಾಪೆ ನಮ್ಮದರಂತೆ ದುಂಡಗಿಲ್ಲ, ಅಡ್ಡಲಾಗಿ ಉದ್ದವಾಗಿರುತ್ತದೆ. ಅದರ ಮೇಲಂಚಿನಲ್ಲಿ ಕಂದು ಅಥವಾ ಕಪ್ಪು ಬಣ್ಣದ ಸಣ್ಣ ಗಂಟುಗಳು ತೂಗುತ್ತಿರುತ್ತವೆ. ಅವು ಸಹಜ. ಅವನ್ನು ಗಡ್ಡೆ ಎಂದು ತಿಳಿದು ಗಾಬರಿಯಾಗುವವರು ಬಹಳ ಮಂದಿ. ಕೆಲವು ಕುದುರೆಗಳಿಗೆ ಹುಟ್ಟಿನಿಂದಲೇ ನೀಲಿ ಕಣ್ಣಿರುತ್ತದೆ, ಅದೂ ರೋಗವಲ್ಲ. ಆದರೆ ನೀಲಿ ಬಣ್ಣ ಪಾಪೆಯ ಸುತ್ತಲಿನ ಪರದೆಯಲ್ಲಿದೆಯೋ, ಅದಕ್ಕೂ ಮುಂದಿನ ಕಾರ್ನಿಯಾದಲ್ಲಿ ಹೊಸದಾಗಿ ಮಬ್ಬಾಗಿ ಬಂದಿದೆಯೋ ಎಂಬುದನ್ನು ಗಮನಿಸಬೇಕು. ಎರಡು ಕಣ್ಣಿನ ಪಾಪೆಗಳ ಗಾತ್ರ ಹೋಲಿಸಿ. ನೋವಿನ ಕಣ್ಣಿನಲ್ಲಿ ಪಾಪೆ ಕತ್ತಲಲ್ಲೂ ಸಣ್ಣ ಸೀಳಿನಂತೆ ಕುಗ್ಗಿದ್ದರೆ ಒಳಗೆ ಉರಿಯೂತವಿದೆ. ಕಾರ್ನಿಯಾದ ಹಿಂದೆ, ಕೆಳಭಾಗದಲ್ಲಿ ಹಳದಿ ಮಿಶ್ರಿತ ಬಿಳಿ ಗಷ್ಟು ಕೂತಿದ್ದರೆ ಅದು ಕೀವುಕಣಗಳ ರಾಶಿ. ಸುರಿಯುವುದು ತಿಳಿನೀರೋ, ಹಳದಿ ಅಥವಾ ಹಸಿರು ಗೀಜೋ ಎಂಬುದನ್ನೂ ನೋಡಿಟ್ಟುಕೊಳ್ಳಿ.

ಒಂದು ಎಚ್ಚರಿಕೆ: ಬಿಗಿಯಾಗಿ ಮುಚ್ಚಿಕೊಂಡ ರೆಪ್ಪೆಯನ್ನು ಬಲವಂತವಾಗಿ ಬಿಡಿಸಬೇಡಿ. ರೆಪ್ಪೆ ಮುಚ್ಚುವ ಸ್ನಾಯು ಕುದುರೆಯಲ್ಲಿ ತುಂಬ ಬಲವಾದದ್ದು. ಒಳಗೆ ಆಳವಾದ ಹುಣ್ಣಿದ್ದರೆ ನಿಮ್ಮ ಬೆರಳಿನ ಒತ್ತಡಕ್ಕೇ ಅದು ಒಡೆಯಬಹುದು. ವೈದ್ಯರು ಕುದುರೆಗೆ ಮಂಪರಿನ ಚುಚ್ಚುಮದ್ದು ಕೊಟ್ಟು, ರೆಪ್ಪೆಯ ನರಕ್ಕೆ ಮರಗಟ್ಟಿಸುವ ಔಷಧ ಕೊಟ್ಟು, ಆಮೇಲೆ ತೆರೆಯುತ್ತಾರೆ.

ಈಗ ಎರಡೂ ರೋಗಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಮುಂದಿನ ವಾರಗಳಲ್ಲಿ ನೀವು ಆರೈಕೆ ಮಾಡಬೇಕಾದದ್ದು ಇವೆರಡರಲ್ಲಿ ಒಂದನ್ನು.

ಕಾರ್ನಿಯಾ ಒಂದು ಮಿಲಿಮೀಟರಿಗಿಂತಲೂ ತೆಳುವಾದದ್ದು. ಕುದುರೆಯ ಕಣ್ಣು ದೊಡ್ಡದು, ತಲೆಯ ಪಕ್ಕಕ್ಕೆ ಉಬ್ಬಿ ನಿಂತಿದೆ. ಸುತ್ತಲೂ ನೋಡಲು ಈ ರಚನೆ ಎಷ್ಟು ಅನುಕೂಲವೋ ಮುಳ್ಳುಕಂಟಿ, ಒಣಹುಲ್ಲು, ಮೊಳೆಯ ತುದಿಗಳಿಗೆ ಅಷ್ಟೇ ಸುಲಭದ ಗುರಿ. ಸಣ್ಣ ಗೀರಾದರೆ, ಸೋಂಕು ತಗಲದಿದ್ದರೆ, ಪ್ರತಿಜೀವಕ ಮುಲಾಮಿನ ಜೊತೆ ಸುಮಾರು ಒಂದು ವಾರದಲ್ಲಿ ಮಾಯುತ್ತದೆ. ಒಂದು ವಾರದಲ್ಲಿ ಮಾಯದ ಹುಣ್ಣಿನ ಹಿಂದೆ ಬೇರೇನೋ ಇದೆ ಎಂದೇ ತಿಳಿಯಬೇಕು. ಕಣ್ಣಿನ ಒಳಮೂಲೆಯಲ್ಲಿ ಪೊರೆಯಂತಿರುವ ಮೂರನೆಯ ರೆಪ್ಪೆಯ ಹಿಂದೆ ಸಿಕ್ಕಿಕೊಂಡ ಹುಲ್ಲಿನ ಚೂರಿರಬಹುದು, ಒಳಕ್ಕೆ ತಿರುಗಿ ಉಜ್ಜುತ್ತಿರುವ ಕೂದಲಿರಬಹುದು, ಅಥವಾ ಶಿಲೀಂಧ್ರವಿರಬಹುದು. ಆಸ್ಪರ್ಜಿಲಸ್, ಫ್ಯೂಸೇರಿಯಂ ಜಾತಿಯ ಶಿಲೀಂಧ್ರಗಳು ಹುಲ್ಲು, ಮಣ್ಣು, ಗಾಳಿ ಎಲ್ಲೆಡೆಯೂ ಇರುತ್ತವೆ. ಬಿಸಿ ಮತ್ತು ತೇವದ ಹವೆಯಲ್ಲಿ ಇವುಗಳ ಕಾಟ ಹೆಚ್ಚು. ಸಸ್ಯದ ಚೂರಿನಿಂದ ಆದ ಗಾಯದಲ್ಲಿ ಇವು ಬೇರೂರಿದರೆ ಬರೀ ಪ್ರತಿಜೀವಕದಿಂದ ಏನೂ ಆಗುವುದಿಲ್ಲ. ನ್ಯಾಟಮೈಸಿನ್, ವೋರಿಕೊನಝೋಲ್‌ನಂಥ ಶಿಲೀಂಧ್ರನಾಶಕ ಹನಿಗಳನ್ನು ವಾರಗಟ್ಟಲೆ ಹಾಕಬೇಕಾಗುತ್ತದೆ. ಅದಕ್ಕಾಗಿಯೇ ವೈದ್ಯರು ಹುಣ್ಣಿನ ಅಂಚಿನಿಂದ ಕೆಲವು ಜೀವಕೋಶ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದು ಬೇಡ ಎನ್ನಬೇಡಿ.

ಹುಣ್ಣಿನಲ್ಲಿ ತೀರಾ ಭಯಪಡಬೇಕಾದದ್ದು ಕರಗುವ ಹುಣ್ಣು. ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಮತ್ತು ದೇಹದ್ದೇ ಬಿಳಿ ರಕ್ತಕಣಗಳು ಬಿಡುವ ಕಿಣ್ವಗಳು ಕಾರ್ನಿಯಾದ ಕೊಲಾಜೆನ್ ನಾರುಗಳನ್ನು ಜೀರ್ಣಿಸಿಬಿಡುತ್ತವೆ. ಅಂಚು ಸ್ಪಷ್ಟವಾಗಿದ್ದ ಗಾಯ ಬೂದು ಬಣ್ಣದ ಲೋಳೆಯಾಗಿ ರೆಪ್ಪೆಯ ಕಡೆಗೆ ಇಳಿಯತೊಡಗುತ್ತದೆ. ಇದು ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ಇಲ್ಲಿ ವೈದ್ಯರು ಕುದುರೆಯದೇ ರಕ್ತ ತೆಗೆದು, ಅದರ ಸೀರಂ ಬೇರ್ಪಡಿಸಿ ಹನಿಯಾಗಿ ಹಾಕಿಸುತ್ತಾರೆ, ಏಕೆಂದರೆ ಆ ಕಿಣ್ವಗಳನ್ನು ತಡೆಯುವ ಗುಣ ಸೀರಂನಲ್ಲಿದೆ. ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಹಾಕಬೇಕಾದಾಗ ರೆಪ್ಪೆಯ ಮೂಲಕ ಸಣ್ಣ ಕೊಳವೆ ಕೂರಿಸಿ, ಅದರ ಇನ್ನೊಂದು ತುದಿಯನ್ನು ಕೇಸರದ ಜಡೆಗೆ ಕಟ್ಟುತ್ತಾರೆ. ಕುದುರೆಯ ಭುಜದ ಬಳಿ ನಿಂತೇ ಔಷಧ ತಳ್ಳಬಹುದು, ಅದರ ಮುಖದ ಜೊತೆ ಗುದ್ದಾಟ ಬೇಕಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕಾರ್ನಿಯಾದ ನರಗಳು ಹೆಚ್ಚಾಗಿ ಮೇಲ್ಪದರದಲ್ಲೇ ಇವೆ. ಹಾಗಾಗಿ ಮೇಲುಗೀರು ಜಾಸ್ತಿ ನೋಯುತ್ತದೆ, ಆಳವಾದ ಹುಣ್ಣು ಕೆಲವೊಮ್ಮೆ ಕಡಿಮೆ ನೋಯುತ್ತದೆ. ಕುದುರೆ ಕಣ್ಣು ತೆರೆಯಿತು ಎಂದು ಔಷಧ ನಿಲ್ಲಿಸುವ ಮೊದಲು ಇದನ್ನು ನೆನಪಿಡಿ. ಹುಣ್ಣು ಕೊನೆಯ ತೆಳು ಪೊರೆಯವರೆಗೆ ಇಳಿದಾಗ ಆ ಪೊರೆ ಫ್ಲೂರೆಸೀನ್ ಹಿಡಿಯುವುದಿಲ್ಲ. ಸುತ್ತಲೂ ಹಸಿರು ಉಂಗುರ, ನಡುವೆ ತಿಳಿಯಾದ ಕಪ್ಪು ಚುಕ್ಕೆ ಕಾಣುತ್ತದೆ. ಅನುಭವವಿಲ್ಲದವರಿಗೆ ನಡುಭಾಗ ಮಾಯುತ್ತಿರುವಂತೆ ತೋರುತ್ತದೆ, ನಿಜವಾಗಿ ಕಣ್ಣು ತೂತಾಗುವುದಕ್ಕೆ ಅದೊಂದೇ ಪದರ ಬಾಕಿ. ಆ ಹಂತದಲ್ಲಿ ಶಸ್ತ್ರಚಿಕಿತ್ಸೆಯೇ ದಾರಿ.

ಇನ್ನು ಯುವಿಯೈಟಿಸ್. ನಿಮ್ಮ ಕುದುರೆಗೆ ಅದೇ ಕಣ್ಣಿನಲ್ಲಿ ಮತ್ತೆ ಬಂದಿದೆ ಎಂದಾಗ ನನ್ನ ಅನುಮಾನ ಮೊದಲು ಹೋಗುವುದು ಇದರ ಕಡೆಗೇ. ಆದರೆ ಅನುಮಾನ ಪರೀಕ್ಷೆಗೆ ಸಮವಲ್ಲ. ಮರುಕಳಿಸುವ ಯುವಿಯೈಟಿಸ್ ಜಗತ್ತಿನಾದ್ಯಂತ ಕುದುರೆಗಳ ಕುರುಡುತನಕ್ಕೆ ಮುಖ್ಯ ಕಾರಣ. ತಿಂಗಳುಗಟ್ಟಲೆ ಸುಮ್ಮನಿದ್ದು ಮತ್ತೆ ಕೆರಳುವ ಇದನ್ನು ಹಿಂದಿನವರು ಚಂದ್ರನ ವೃದ್ಧಿ ಕ್ಷಯಗಳಿಗೆ ಜೋಡಿಸಿದ್ದರು. ಇದು ದೇಹದ ರೋಗನಿರೋಧಕ ವ್ಯವಸ್ಥೆ ಸ್ವಂತ ಕಣ್ಣಿನ ಮೇಲೆ ತಿರುಗಿ ಬೀಳುವುದರಿಂದ ಆಗುತ್ತದೆ. ಬಹಳಷ್ಟು ಸಲ ಇದನ್ನು ಹೊತ್ತಿಸುವ ಕಿಡಿ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ. ಇಲಿ, ಹೆಗ್ಗಣ ಮತ್ತಿತರ ಪ್ರಾಣಿಗಳ ಮೂತ್ರ ಬೆರೆತ ನಿಂತ ನೀರಿನಿಂದ ಅದು ಬರುತ್ತದೆ. ಸೋಂಕು ತಗಲಿ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಕಣ್ಣು ಕೆರಳುತ್ತದೆ, ಆದ್ದರಿಂದ ಯಾರಿಗೂ ಎರಡರ ನಂಟು ಹೊಳೆಯುವುದಿಲ್ಲ. ಮೈಮೇಲೆ ಚುಕ್ಕೆಗಳಿರುವ ಅಪಲೂಸಾ ತಳಿಯಲ್ಲಿ ಇದು ಉಳಿದ ತಳಿಗಳಿಗಿಂತ ಹೆಚ್ಚು. ಆ ತಳಿಯಲ್ಲಿ ನೋವಿನ ಲಕ್ಷಣವೇ ಇಲ್ಲದೆ ಒಳಗೊಳಗೇ ಕಣ್ಣು ತಿನ್ನುವ ರೂಪವೂ ಇದೆ.

ಪ್ರತಿ ಸಲ ಕೆರಳಿದಾಗಲೂ ಕಣ್ಣು ಸ್ವಲ್ಪ ಸ್ವಲ್ಪ ಹಾಳಾಗುತ್ತದೆ. ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಂಡು ಸೊಟ್ಟಗಾಗುತ್ತದೆ, ಮಸೂರದಲ್ಲಿ ಪೊರೆ ಬರುತ್ತದೆ, ಕೊನೆಗೆ ಕಣ್ಣುಗುಡ್ಡೆ ಕುಗ್ಗಿ ಹೋಗುತ್ತದೆ. ಹಾಗಾಗಿ ಚಿಕಿತ್ಸೆಯ ಉದ್ದೇಶ ಈ ಸಲದ ನೋವು ಇಳಿಸುವುದಷ್ಟೇ ಅಲ್ಲ. ಹುಣ್ಣಿಲ್ಲ ಎಂದು ಖಾತ್ರಿಯಾದ ಮೇಲೆ ಪ್ರೆಡ್ನಿಸೊಲೋನ್ ಅಸಿಟೇಟ್ 1% ಅಥವಾ ಡೆಕ್ಸಾಮೆಥಾಸೋನ್ 0.1% ಅನ್ನು ದಿನಕ್ಕೆ ಹಲವು ಸಲ ಹಾಕಿಸುತ್ತಾರೆ. ಕಣ್ಣು ಸರಿಯಾದಂತೆ ಕಂಡ ಮೇಲೂ ಕನಿಷ್ಠ ಎರಡು ವಾರ ಮುಂದುವರಿಸಿ ನಿಧಾನವಾಗಿ ಇಳಿಸಬೇಕು. ಕಣ್ಣು ತೆರೆಯಿತಲ್ಲ ಎಂದು ನಡುವೆ ಬಿಟ್ಟವರ ಕುದುರೆಗೆ ಬೇಗನೆ ಮತ್ತೆ ಬರುತ್ತದೆ. ಪದೇ ಪದೇ ಬರುವ ಕಣ್ಣುಗಳಿಗೆ ಸೈಕ್ಲೊಸ್ಪೋರಿನ್ ಔಷಧವನ್ನು ವರ್ಷಗಟ್ಟಲೆ ನಿಧಾನವಾಗಿ ಬಿಡುವ ಪುಟ್ಟ ಬಿಲ್ಲೆಯನ್ನು ಕಣ್ಣಿನ ಬಿಳಿಪದರದ ಅಡಿಯಲ್ಲಿ ಕೂರಿಸುವ ಶಸ್ತ್ರಚಿಕಿತ್ಸೆ ಇದೆ. ಕಣ್ಣಿನೊಳಗಿನ ಜೆಲ್ಲಿಯಂಥ ದ್ರವವನ್ನೇ ತೆಗೆದು ಬದಲಿಸುವ ವಿಧಾನವೂ ಇದೆ. ಇವೆಲ್ಲ ನೇತ್ರತಜ್ಞ ಪಶುವೈದ್ಯರ ಕೆಲಸ.

ಎರಡು ರೋಗಗಳಿಗೂ ಸಮಾನವಾಗಿ ಬಳಸುವ ಔಷಧವೆಂದರೆ ಅಟ್ರೊಪೀನ್ 1%. ಅದು ಪಾಪೆಯನ್ನು ಅಗಲಿಸಿ, ಒಳಗಿನ ಸ್ನಾಯುವಿನ ಸೆಡೆತ ಬಿಡಿಸಿ ನೋವು ತಗ್ಗಿಸುತ್ತದೆ, ಅಂಟಿಕೊಳ್ಳುವುದನ್ನೂ ತಪ್ಪಿಸುತ್ತದೆ. ಆದರೆ ಕರುಳಿನ ಚಲನೆಯನ್ನೂ ನಿಧಾನಿಸಬಲ್ಲದು. ಹಾಕುತ್ತಿರುವಷ್ಟು ದಿನ ಲದ್ದಿ ಎಂದಿನಷ್ಟು ಬೀಳುತ್ತಿದೆಯೇ ಎಂದು ಗಮನಿಸಿ. ಕಡಿಮೆಯಾದರೆ, ಕುದುರೆ ಹೊಟ್ಟೆಯ ಕಡೆ ತಿರುಗಿ ನೋಡಿದರೆ ಅಟ್ರೊಪೀನ್ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಅಗಲವಾದ ಪಾಪೆಗೆ ಬಿಸಿಲು ಚುಚ್ಚುತ್ತದೆ, ಆದ್ದರಿಂದ ನೆರಳು ಮತ್ತು ನೊಣ ತಡೆಯುವ ಜಾಲರಿ ಮುಖವಾಡ ಬೇಕು. ಔಷಧ ನಿಲ್ಲಿಸಿ ಹಲವು ದಿನಗಳಾದರೂ ಪಾಪೆ ಅಗಲವಾಗಿಯೇ ಇರಬಹುದು. ಅದಕ್ಕೆ ಹೆದರಬೇಡಿ, ಉರಿಯೂತ ಇಳಿದಿದೆ ಎಂಬ ಸೂಚನೆಯೂ ಅದಾಗಿರುತ್ತದೆ. ನೋವಿಗೆ ಫ್ಲುನಿಕ್ಸಿನ್ ಕೊಡುತ್ತಾರೆ. ಮನೆಯಲ್ಲಿ ಫಿನೈಲ್‌ಬ್ಯೂಟಜೋನ್ ಎಂಬ ಇನ್ನೊಂದು ನೋವುನಿವಾರಕ ಇದ್ದರೆ ಅದನ್ನೂ ಜೊತೆಗೆ ಸೇರಿಸಿ ಕೊಡಬೇಡಿ. ಎರಡೂ ಸೇರಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಪೆಟ್ಟು.

ಹಾಗಾದರೆ ವೈದ್ಯರು ಬರುವವರೆಗೆ ಏನು ಮಾಡಬೇಕು? ಕುದುರೆಯನ್ನು ಮಬ್ಬುಗತ್ತಲಿನ ಲಾಯದಲ್ಲಿ ನಿಲ್ಲಿಸಿ. ಜಾಲರಿ ಮುಖವಾಡವಿದ್ದರೆ ಹಾಕಿ. ಕಣ್ಣನ್ನು ಮಂಡಿಗೋ ಗೋಡೆಗೋ ಉಜ್ಜಿಕೊಳ್ಳದಂತೆ ಒಬ್ಬರು ಹತ್ತಿರವಿರಿ, ಏಕೆಂದರೆ ಸಣ್ಣ ಗೀರು ದೊಡ್ಡ ಗಾಯವಾಗುವುದು ಹೀಗೆ. ರೆಪ್ಪೆಯ ಹೊರಗಿನ ಗೀಜನ್ನು ಸ್ವಚ್ಛ ಸಲೈನ್‌ನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಬಹುದು. ಇಷ್ಟೇ. ಎಲೆಯ ರಸ, ಜೇನು, ಹಾಲು ಯಾವುದನ್ನೂ ಹಾಕಬೇಡಿ. ಮನುಷ್ಯರ ಕಣ್ಣಿನ ಹನಿಗಳಲ್ಲೂ ಎಷ್ಟೋ ಸ್ಟೀರಾಯ್ಡ್ ಬೆರೆತವೇ ಇರುತ್ತವೆ. ಕಣ್ಣಿನಿಂದ ಮುಳ್ಳೋ ಕಡ್ಡಿಯೋ ಚಾಚಿಕೊಂಡಿದ್ದರೆ, ಅಥವಾ ಕಾರ್ನಿಯಾದ ನಡುವೆ ಕಪ್ಪು ಉಂಡೆ ಹೊರಬಂದಂತಿದ್ದರೆ ಕೈ ಹಾಕಲೇಬೇಡಿ. ಆ ಕಪ್ಪು ಉಂಡೆ ತೂತಿನಿಂದ ಹೊರಬಂದ ಕಣ್ಣಿನ ಒಳಪರದೆ. ರೆಪ್ಪೆ ಹರಿದು ಚೂರು ಜೋತಾಡುತ್ತಿದ್ದರೆ ಅದನ್ನು ಕತ್ತರಿಸಬೇಡಿ, ಒದ್ದೆಯಾಗಿಡಿ. ರೆಪ್ಪೆಗೆ ರಕ್ತಸಂಚಾರ ಚೆನ್ನಾಗಿದೆ, ಬೇಗ ಹೊಲಿದರೆ ಕೂಡಿಕೊಳ್ಳುತ್ತದೆ. ಅಂಚು ಕತ್ತರಿಸಿಹೋದರೆ ಜೀವಮಾನವಿಡೀ ಕಾರ್ನಿಯಾ ಒಣಗುತ್ತದೆ.

ನೀವು ಕೇಳಿದ ಗುರುತಿಸುವಿಕೆಯ ಪ್ರಶ್ನೆಗೆ ಇನ್ನೂ ಕೆಲವು ಸೇರಿಸಬೇಕು. ನೋವಿಲ್ಲದೆ ಒಂದೇ ಕಣ್ಣಿನಿಂದ ನೀರು ಮುಖದ ಮೇಲೆ ಹರಿಯುತ್ತಿದ್ದರೆ ಕಣ್ಣಿನಿಂದ ಮೂಗಿಗೆ ಹೋಗುವ ನಾಳ ಕಟ್ಟಿಕೊಂಡಿರಬಹುದು. ಹೊಳ್ಳೆಯೊಳಗೆ ನೋಡಿದರೆ ಚರ್ಮ ಮುಗಿಯುವಲ್ಲಿ ಅದರ ಸಣ್ಣ ರಂಧ್ರ ಕಾಣುತ್ತದೆ, ಅಲ್ಲಿಂದಲೇ ವೈದ್ಯರು ತೊಳೆಯುತ್ತಾರೆ. ಕಣ್ಣಿನ ಒಳಮೂಲೆಯಲ್ಲಿ ಹಳದಿ ಹರಳುಗಳಿರುವ, ಮಾಯದ ಹುಣ್ಣು ನೊಣಗಳ ಕಾಲದಲ್ಲಿ ಬಂದರೆ ಅದು ನೊಣಗಳು ತಂದುಬಿಟ್ಟ ಹೆಬ್ರೊನೀಮಾ ಹುಳುವಿನ ಮರಿಗಳ ಕೆಲಸ. ಬಿಳಿ ಮುಖದ, ರೆಪ್ಪೆ ಗುಲಾಬಿಯಾಗಿರುವ ಕುದುರೆಯ ಮೂರನೆಯ ರೆಪ್ಪೆಯಲ್ಲಿ ಒರಟು ಗುಲಾಬಿ ಗಂಟು ಕಂಡರೆ ಕ್ಯಾನ್ಸರ್ ಎಂದೇ ಶಂಕಿಸಿ ತೋರಿಸಬೇಕು. ಚಿಕ್ಕದಿದ್ದಾಗ ತೆಗೆದರೆ ಗುಣವಾಗುವ ಸಂಭವ ಚೆನ್ನಾಗಿದೆ. ಕಣ್ಣುಗುಡ್ಡೆಯೇ ದೊಡ್ಡದಾಗಿ, ಕಾರ್ನಿಯಾದಲ್ಲಿ ಬಿಳಿ ಗೆರೆಗಳು ಮೂಡಿದರೆ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರುವ ರೋಗ. ಹಳೆಯ ಯುವಿಯೈಟಿಸ್ ಬಹಳ ಸಲ ಅದಕ್ಕೆ ದಾರಿ ಮಾಡುತ್ತದೆ. ಹುಟ್ಟಿದ ಮರಿಯ ಕೆಳರೆಪ್ಪೆ ಒಳಕ್ಕೆ ಮಡಚಿ ಕೂದಲು ಉಜ್ಜುತ್ತಿದ್ದರೆ ಅಂದೇ ಸರಿಪಡಿಸಬೇಕು. ಕೈ ಬೀಸಿದರೆ ಮರಿ ಕಣ್ಣು ಮಿಟುಕಿಸುವುದಿಲ್ಲ ಎಂದು ಮಾತ್ರ ಗಾಬರಿ ಬೇಡ, ಅದನ್ನು ಅದು ಕಲಿಯಲು ಎರಡು ವಾರವಾದರೂ ಬೇಕು.

ಏಷ್ಯಾದ ಹಲವೆಡೆ ಕಾಣುವ ಒಂದು ಸ್ಥಿತಿಯನ್ನು ನೋಡಿದವರು ಮರೆಯುವುದಿಲ್ಲ. ಕಾರ್ನಿಯಾದ ಹಿಂದಿನ ತಿಳಿನೀರಿನಲ್ಲಿ ಬಿಳಿಯ ದಾರದಂಥ ಹುಳು ಸುತ್ತಿಕೊಳ್ಳುತ್ತ, ಬಿಚ್ಚಿಕೊಳ್ಳುತ್ತ ಈಜುತ್ತಿರುತ್ತದೆ. ಅದು ಸೆಟಾರಿಯಾ, ಹೆಚ್ಚಾಗಿ ದನಗಳ ಹೊಟ್ಟೆಯ ಕುಹರದಲ್ಲಿ ಬದುಕುವ ಹುಳು. ಸೊಳ್ಳೆ ಅದರ ಮರಿಯನ್ನು ಕುದುರೆಗೆ ದಾಟಿಸಿದಾಗ ಅದು ದಾರಿ ತಪ್ಪಿ ಕಣ್ಣಿಗೆ ಬರುತ್ತದೆ. ಹುಳು ಒಳಗಿದ್ದಷ್ಟು ದಿನ ಕಣ್ಣು ಮಬ್ಬಾಗುತ್ತಲೇ ಹೋಗುತ್ತದೆ, ಸಣ್ಣ ರಂಧ್ರ ಮಾಡಿ ಅದನ್ನು ಹೊರತೆಗೆಯುವುದೇ ಸರಿಯಾದ ಚಿಕಿತ್ಸೆ. ನಿಮ್ಮ ಕುದುರೆಯ ಮಬ್ಬಿನ ಹಿಂದೆ ಏನಾದರೂ ಅಲುಗಾಡಿದಂತೆ ಕಂಡಿದ್ದರೆ ವೈದ್ಯರಿಗೆ ಹೇಳಲು ಮರೆಯಬೇಡಿ. ದನಗಳ ಕೊಟ್ಟಿಗೆಯ ಪಕ್ಕದಲ್ಲೇ ಲಾಯವಿದ್ದರೆ ಅದನ್ನೂ ಹೇಳಿ.

ಮುಂದಕ್ಕೆ ಬಾರದಂತೆ ಮಾಡಬಹುದಾದದ್ದೂ ಇದೆ. ಮೇವಿನ ಬಲೆಯನ್ನು ಕಣ್ಣಿನ ಎತ್ತರದಲ್ಲಿ ಕಟ್ಟಿದರೆ ಧೂಳು, ಕಡ್ಡಿ ನೇರವಾಗಿ ಕಣ್ಣಿಗೆ ಬೀಳುತ್ತವೆ, ಕೆಳಗಿಡಿ. ಲಾಯದ ಗೋಡೆಯ ಮೇಲೆ ಒಮ್ಮೆ ಅಂಗೈ ಆಡಿಸಿ ಮೊಳೆ, ಸೀಳು, ಬಕೆಟ್ ಹಿಡಿಕೆಯ ತೆರೆದ ಕೊಕ್ಕೆಗಳನ್ನು ಹುಡುಕಿ. ಇಲಿಗಳನ್ನು ಮೇವಿನಿಂದ ದೂರವಿಡಿ, ಅಂಗಳದ ನಿಂತ ನೀರು ಬಸಿಯುವಂತೆ ಮಾಡಿ.

ಕಣ್ಣು ಹೋದರೆ ಎಂದು ಕೇಳಿದ್ದೀರಿ. ಒಂದು ಕಣ್ಣಿನ ಕುದುರೆ ಎಲ್ಲ ಕೆಲಸಕ್ಕೂ ಹೊಂದಿಕೊಳ್ಳುವುದನ್ನು ನೋಡಿದ್ದೇನೆ. ಕತ್ತು ಸ್ವಲ್ಪ ಹೆಚ್ಚು ತಿರುಗಿಸಿ ನೋಡುವುದನ್ನು ಅದು ತಾನೇ ಕಲಿಯುತ್ತದೆ. ಪೂರ್ತಿ ಕುರುಡಾದ ಕುದುರೆಯೂ ಪರಿಚಿತ ಅಂಗಳದಲ್ಲಿ, ಶಾಂತ ಸ್ವಭಾವದ ಒಡನಾಡಿ ಕುದುರೆಯ ಕೊರಳಿಗೆ ಗಂಟೆ ಕಟ್ಟಿದರೆ, ನೆಮ್ಮದಿಯಾಗಿ ಬಾಳಬಲ್ಲದು. ಸಹಿಸಬಾರದ್ದು ನೋವಿರುವ ಕುರುಡು ಕಣ್ಣು. ಬೆಳಕಿಲ್ಲದ, ಸದಾ ನೋಯುವ ಕಣ್ಣನ್ನು ತೆಗೆಸಲು ಮಾಲೀಕರು ನೋಟಕ್ಕೆ ಅಂಜಿ ಹಿಂಜರಿಯುತ್ತಾರೆ. ತೆಗೆದ ಕೆಲವೇ ದಿನಗಳಲ್ಲಿ ಕುದುರೆಯ ಮುಖ ಮುಟ್ಟಿಸಿಕೊಳ್ಳುವ ಬಗೆಯೇ ಬದಲಾಗುತ್ತದೆ, ಅಷ್ಟು ದಿನ ಎಷ್ಟು ನೋವುಂಡಿತ್ತು ಎಂಬುದು ಆಗ ತಿಳಿಯುತ್ತದೆ. ಕಾಣದ ಬದಿಯಿಂದ ಹೋಗುವಾಗ ಮೊದಲು ಮಾತನಾಡಿಸಿ, ಆಮೇಲೆ ಮುಟ್ಟಿ. ನೀರಿನ ತೊಟ್ಟಿ, ಬಾಗಿಲು, ಮೇವಿನ ಜಾಗ ಬದಲಿಸಬೇಡಿ.

ನಿಮ್ಮ ಕುದುರೆ ಆ ಹಂತದಿಂದ ದೂರವಿದೆ. ಆದರೆ ಈ ಸಲ ವಾಸಿಯಾದ ಮೇಲೂ ಒಮ್ಮೆ, ನೋವಿಲ್ಲದಿರುವಾಗ, ಪಾಪೆ ಅಗಲಿಸಿ ಎರಡೂ ಕಣ್ಣುಗಳ ಒಳಗನ್ನು ಪರೀಕ್ಷೆ ಮಾಡಿಸಿ. ಎಡಗಣ್ಣನ್ನೂ ನೋಡಲು ಹೇಳಿ, ಯುವಿಯೈಟಿಸ್ ಆಗಿದ್ದರೆ ಅದು ಎರಡನೆಯ ಕಣ್ಣಿಗೂ ಬರಬಹುದು. ಉಳಿದಿರುವ ಆ ಅರ್ಧ ಟ್ಯೂಬನ್ನು ಇವತ್ತೇ ಎಸೆದುಬಿಡಿ. ತೆರೆದ ಕಣ್ಣಿನ ಮುಲಾಮು ತಿಂಗಳುಗಟ್ಟಲೆ ಇಟ್ಟುಕೊಳ್ಳುವಂಥದ್ದಲ್ಲ.